ಗ್ರಂಥಭಂಡಾರದ ಕಿಂಡಿಯೂ ವಾಚಕನ ಪ್ರಶ್ನೆಯೂ

ಗ್ರಂಥಭಂಡಾರಗಳ ಆಡಳಿತವನ್ನು ವಹಿಸಿದ ಮಹನೀಯರಲ್ಲಿ ಈಚೆಗೆ ಒಂದು ಅಭಿಪ್ರಾಯವು ಬೇರೂರುತ್ತಿರುವುದು. ಗ್ರಂಥಭಂಡಾರವು ಅಂತರ್ಜಾಲಕ್ಕೆ ಏರಿದ ಮೇಲೆ ವಾಚಕನಿಗೆ ಇನ್ನಾರ ನೆರವೂ ಬೇಕಾಗಿಲ್ಲ. ಪುಸ್ತಕಗಳ ಪಟ್ಟಿಯು ಅವನ ಅಂಗೈಯಲ್ಲಿದೆ, ಹುಡುಕುವ ಪೆಟ್ಟಿಗೆಯು ಅವನ ಕಣ್ಣ ಮುಂದಿದೆ, ಬೇಕಾದುದನ್ನು ಅವನೇ ಹುಡುಕಿಕೊಳ್ಳಲಿ. ಸಹಾಯಕ್ಕೆಂದು ಒಂದು ಪುಟವನ್ನೂ ಇರಿಸಲಾಗಿದೆ, ಅದನ್ನು ಯಾರೂ ತೆರೆಯುವುದಿಲ್ಲ. ತೆರೆಯದಿರುವುದೇ ಸಹಾಯವು ಅನಾವಶ್ಯಕವೆಂಬುದಕ್ಕೆ ಪ್ರಮಾಣವು ಎಂಬುದು ಅವರ ವಾದಸರಣಿ. ನೋಡುವುದಕ್ಕೆ ಅಚ್ಚುಕಟ್ಟಾದ ವಾದವೇ ಸರಿ. ಬಾವಿಯ ಹಗ್ಗವನ್ನು ಬಿಚ್ಚಿಟ್ಟು, ನೀರು ಸೇದಲು ಯಾರೂ ಬಾರದಿರುವುದರಿಂದ ಊರಿಗೆ ಬಾಯಾರಿಕೆಯೇ ಇಲ್ಲವೆಂದು ತೀರ್ಮಾನಿಸುವವನ ವಾದವೂ ಇಷ್ಟೇ ಅಚ್ಚುಕಟ್ಟಾಗಿರುವುದು.

ವಾಚಕನಿಗೆ ನೆರವಾಗುವುದು ಭಂಡಾರದವರು ಮೇಲಾಗಿ ಸಲ್ಲಿಸುವ ಉಪಚಾರವಲ್ಲ, ಅದು ಭಂಡಾರದ ಕೆಲಸವೇ ಎಂಬ ಮಾತು ಹೊಸದಲ್ಲ. ೧೮೭೬ರಲ್ಲಿ ಅಮೆರಿಕ ದೇಶದ ಫಿಲಡೆಲ್ಫಿಯಾ ನಗರದಲ್ಲಿ ಗ್ರಂಥಪಾಲಕರ ಸಮ್ಮೇಳನವೊಂದು ನೆರೆಯಿತು. ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರ್ ಪಟ್ಟಣದ ಸಾರ್ವಜನಿಕ ಗ್ರಂಥಭಂಡಾರದ ಪಾಲಕನಾಗಿದ್ದ ಸ್ಯಾಮ್ಯುಯೆಲ್ ಗ್ರೀನನು ಗ್ರಂಥಪಾಲಕನಿಗೂ ವಾಚಕನಿಗೂ ಇರಬೇಕಾದ ನೇರ ಸಂಬಂಧವನ್ನು ಕುರಿತು ಆ ವರ್ಷವೇ ಒಂದು ಲೇಖನವನ್ನು ಮಂಡಿಸಿದನು. ಸಾಮಾನ್ಯ ಜನರೂ ಮಕ್ಕಳೂ, ಯಾರಾದರೂ ಧೈರ್ಯವಿತ್ತಲ್ಲದೆ, ತಮಗೆ ಬೇಕಾದುದನ್ನು ಬಾಯಿಬಿಟ್ಟು ಹೇಳಲಾರರೆಂಬುದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು. ಬಂದವನನ್ನು ಹಳೆಯ ಕಾಲದ ಛತ್ರದವನಂತೆ ಆದರದಿಂದ ಬರಮಾಡಿಕೊಳ್ಳಬೇಕು; ಬೇಕಾದುದು ದೊರೆಯುವವರೆಗೂ ಜಾಣ ಅಂಗಡಿಯವನಂತೆ ಅವನ ಕೈ ಬಿಡಕೂಡದು ಎಂಬುದು ಅವನ ಬುದ್ಧಿವಾದ. ಅಂಗಡಿಯವನ ಹೋಲಿಕೆಯು ಕೆಲವು ಪಂಡಿತರಿಗೆ ರುಚಿಸದಿರಬಹುದು. ಆದರೆ ಗಿರಾಕಿಯು ಬರಿಗೈಯಲ್ಲಿ ಹಿಂದಿರುಗಿದರೆ ಅಂಗಡಿಯವನಿಗೆ ಆಗುವ ವ್ಯಥೆಯಲ್ಲಿ ಅರೆಪಾಲಾದರೂ ಗ್ರಂಥಪಾಲಕನಿಗೆ ಆಗಬೇಡವೆ?

ಭಾರತದಲ್ಲಿ ಈ ತತ್ತ್ವವನ್ನು ಶಾಸ್ತ್ರದ ಪದವಿಗೆ ಏರಿಸಿದವರು ಶ್ರೀ ಎಸ್. ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದ ಅವರು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, ೧೯೩೧ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ನಾಲ್ಕನೆಯದು ವಾಚಕನ ಕಾಲವನ್ನು ಉಳಿಸುವ ಸೂತ್ರ. ಗಮನಿಸಬೇಕಾದುದೇನೆಂದರೆ, ಇಲ್ಲಿ ಉಳಿಸಬೇಕಾದುದು ಮೊದಲಾಗಿ ವಾಚಕನ ಕಾಲ. ಸಿಬ್ಬಂದಿಯವರ ಕಾಲವು ಆಮೇಲಿನ ಮಾತು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ರಂಗನಾಥನ್ ಅವರು ೧೯೬೨ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಒಂದು ಕೇಂದ್ರವನ್ನು ನೆಲೆಗೊಳಿಸಿ, ೧೯೭೨ರಲ್ಲಿ ಅದೇ ಊರಿನಲ್ಲಿ ದಿವಂಗತರಾದರು. ಅವರ ಭಾವಚಿತ್ರವು ತೂಗದ ಗ್ರಂಥಾಲಯ ವಿರಳ. ಚಿತ್ರಕ್ಕೆ ಹಾರ ಬೀಳುವುದು, ಸೂತ್ರಕ್ಕೆ ಧೂಳು ಬೀಳುವುದು.

ಅಂತರ್ಜಾಲದ ಮೂಲಕ ನೆರವು ನೀಡುವುದು ಸಾಧ್ಯವೇ ಇಲ್ಲವೆನ್ನುವಂತಿಲ್ಲ. ಬಾಲ್ಟಿಮೋರಿನ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಆರೋಗ್ಯಶಾಸ್ತ್ರ ಗ್ರಂಥಾಲಯದವರು ೧೯೮೪ರಷ್ಟು ಹಿಂದೆಯೇ ವಿದ್ಯುನ್ಮಾನ ಅಂಚೆಯ ಮೂಲಕ ಪ್ರಶ್ನೆಗಳನ್ನು ಸ್ವೀಕರಿಸಿ ಉತ್ತರಿಸುತ್ತಿದ್ದರು. ೧೯೯೫ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಇಂಟರ್ನೆಟ್ ಪಬ್ಲಿಕ್ ಲೈಬ್ರರಿಯು, ಕಟ್ಟಡವೇ ಇಲ್ಲದ ಗ್ರಂಥಾಲಯವಾಗಿದ್ದರೂ, ಪ್ರಶ್ನೆ ಕೇಳಿದವರಿಗೆ ಮನುಷ್ಯರಿಂದಲೇ ಉತ್ತರ ಕೊಡಿಸುತ್ತಿದ್ದು ೨೦೧೫ರಲ್ಲಿ ನಿಂತುಹೋಯಿತು. ೨೦೦೨ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸೂ ಓಸಿಎಲ್‌ಸಿ ಎಂಬ ಗ್ರಂಥಾಲಯ ಸಹಕಾರ ಸಂಸ್ಥೆಯೂ ಕೂಡಿ, ಒಂದು ಗ್ರಂಥಾಲಯಕ್ಕೆ ತಿಳಿಯದ ಪ್ರಶ್ನೆಯನ್ನು ಮತ್ತೊಂದಕ್ಕೆ ದಾಟಿಸುವ ಏರ್ಪಾಡನ್ನು ಆರಂಭಿಸಿದುವು. ಯಂತ್ರವೂ ಮಾರ್ಗವೂ ಇದ್ದೇ ಇದ್ದುವು. ಕೊರತೆಯಾದುದು ಬೇರೆ. ಗ್ರಂಥಾಲಯವು ಜಾಲಕ್ಕೆ ಹೋಗುವಾಗ ಪಟ್ಟಿಯನ್ನು ಹೊತ್ತುಕೊಂಡು ಹೋಯಿತು, ನಿಯಮಾವಳಿಯನ್ನು ಹೊತ್ತುಕೊಂಡು ಹೋಯಿತು, ದಂಡದ ದರವನ್ನಂತೂ ಮರೆಯಲಿಲ್ಲ. ಮೇಜಿನ ಹಿಂದೆ ಕುಳಿತು ‘ಏನು ಬೇಕಾಗಿತ್ತು?’ ಎಂದು ಕೇಳುತ್ತಿದ್ದ ಮನುಷ್ಯನನ್ನು ಮಾತ್ರ ಹಳೆಯ ಕಟ್ಟಡದಲ್ಲಿಯೇ ಬಿಟ್ಟುಹೋಯಿತು.

ಉಪಯೋಗಿಸುವವನನ್ನು ನಡುವೆ ನಿಲ್ಲಿಸಿ ಸಾಧನವನ್ನು ರಚಿಸಬೇಕೆಂಬ ವಿಚಾರವು ಗಣಕಶಾಸ್ತ್ರದಲ್ಲಿಯೂ ಸಾಕಷ್ಟು ಹಳೆಯದು. ೧೯೮೫ರಲ್ಲಿ ಗೌಲ್ಡ್ ಮತ್ತು ಲೂಯಿಸ್ ಎಂಬ ಇಬ್ಬರು ವಿದ್ವಾಂಸರು ಅದಕ್ಕೆ ಮೂರು ನಿಯಮಗಳನ್ನು ಹೇಳಿದರು: ಆರಂಭದಿಂದಲೇ ಉಪಯೋಗಿಸುವವರನ್ನು ಕಂಡು ಅರಿಯುವುದು, ಅವರ ಕೈಗೆ ಕೊಟ್ಟು ಅಳೆದು ನೋಡುವುದು, ಕಂಡ ದೋಷವನ್ನು ತಿದ್ದಿ ಮತ್ತೆ ಕೈಗೆ ಕೊಡುವುದು. ಇಷ್ಟು ಸರಳವಾದುದನ್ನು ಹೇಳಬೇಕೆ ಎಂದು ಯಾರಾದರೂ ನಕ್ಕಾರು. ಆದರೆ ಸಾಧನಗಳನ್ನು ರಚಿಸುವವರನ್ನೇ, ನೀವು ಯಾವ ಹೆಜ್ಜೆಗಳನ್ನು ಅನುಸರಿಸುವಿರೆಂದು ಅವರು ಕೇಳಿದಾಗ, ಮೂರನ್ನೂ ತಾವಾಗಿ ಹೇಳಿದವರು ಅಲ್ಪಸಂಖ್ಯಾತರಾಗಿದ್ದರು. ಗ್ರಂಥಾಲಯದ ಜಾಲತಾಣಗಳನ್ನು ರಚಿಸುವ ಸಮಿತಿಗಳಲ್ಲಿ ಗ್ರಂಥಪಾಲಕರುಂಟು, ಗುತ್ತಿಗೆದಾರರುಂಟು, ಇಲಾಖೆಯ ಅಧಿಕಾರಿಗಳುಂಟು. ವಾಚಕನಿಗೆ ಅಲ್ಲಿ ಕುರ್ಚಿ ಇರುವುದೆ? ತಾಣವು ಉದ್ಘಾಟನೆಯಾದ ದಿನ ಅವನಿಗೆ ಆಮಂತ್ರಣ ಬರುವುದು, ಚಪ್ಪಾಳೆ ತಟ್ಟುವುದಕ್ಕೆ.

ಈ ವಾದದ ಮರ್ಮವು ವಾಚಕನ ಪ್ರಶ್ನೆಯ ಸ್ವರೂಪದಲ್ಲಿದೆ. ಆದುದರಿಂದ ಅದನ್ನು ಕೊಂಚ ನಿಧಾನವಾಗಿ ನೋಡಬೇಕು. ರಾಬರ್ಟ್ ಟೇಲರ್ ಎಂಬಾತನು ೧೯೬೮ರಲ್ಲಿ, ಗ್ರಂಥಾಲಯದಲ್ಲಿ ಕೇಳಲ್ಪಡುವ ಪ್ರಶ್ನೆಯು ನಾಲ್ಕು ಅವಸ್ಥೆಗಳನ್ನು ದಾಟಿ ಬರುವುದೆಂದು ತೋರಿಸಿದನು. ಮೊದಲು ಹೆಸರಿಲ್ಲದ ಒಂದು ಕೊರತೆಯು ಮನಸ್ಸನ್ನು ಕೊರೆಯುವುದು. ಅನಂತರ ಅದು ಅಸ್ಪಷ್ಟವಾಗಿ ಅರಿವಿಗೆ ಬರುವುದು. ಮೂರನೆಯ ಅವಸ್ಥೆಯಲ್ಲಿ ಮಾತಿನ ರೂಪವನ್ನು ತಾಳುವುದು. ಕೊನೆಗೆ, ಗ್ರಂಥಾಲಯದಲ್ಲಿ ಏನು ಸಿಕ್ಕೀತೆಂಬ ಊಹೆಗೆ ತಕ್ಕಂತೆ ವಾಚಕನು ತನ್ನ ಪ್ರಶ್ನೆಯನ್ನು ತಾನೇ ಕತ್ತರಿಸಿ ಕುಗ್ಗಿಸಿ ಮುಂದಿಡುವನು. ಗ್ರಂಥಪಾಲಕನ ಕಿವಿಗೆ ಬೀಳುವುದು ಈ ಕೊನೆಯ, ಕತ್ತರಿಸಿದ ಪ್ರಶ್ನೆ ಮಾತ್ರ.

ತಿಪಟೂರಿನ ಕಡೆಯ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ೧೯೯೮ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಮುಂದೆ ಕನ್ನಡನಾಡಿನ ತೋಟಗಳಿಗೂ ಹಬ್ಬಿದ ನುಸಿಯು ಅವನ ತೆಂಗಿನ ಕಾಯಿಗಳಿಗೂ ತಗುಲಿದೆ. ಎಳೆಗಾಯಿಗಳ ಮೇಲೆ ಕಂದು ಕಲೆ, ಕಾಯಿ ಸಣ್ಣದಾಗುತ್ತಿದೆ. ಅವನಿಗೆ ಬೇಕಾದುದು ಮರವನ್ನು ಉಳಿಸಿಕೊಳ್ಳುವ ಉಪಾಯ. ಆದರೆ ಮೇಜಿನ ಮುಂದೆ ನಿಂತು ಅವನು ಕೇಳುವುದು, ‘ವ್ಯವಸಾಯದ ಪುಸ್ತಕಗಳಿವೆಯೆ?’ ಎಂದು. ಬಲ್ಲ ಗ್ರಂಥಪಾಲಕನು ‘ಯಾವ ಬೆಳೆ?’ ಎನ್ನುವನು, ‘ತೆಂಗು’ ಎಂಬ ಉತ್ತರ ಬರುವುದು, ‘ನೆಡುವುದಕ್ಕೋ, ರೋಗಕ್ಕೋ?’ ಎನ್ನುವನು; ಆಗ ಕಲೆಯ ಮಾತು ಹೊರಬೀಳುವುದು. ಮೂರು ಮಾತಿನಲ್ಲಿ ಪ್ರಶ್ನೆಯು ತನ್ನ ನಿಜರೂಪಕ್ಕೆ ಮರಳಿತು. ಇದೇ ಗೃಹಸ್ಥನು ಜಾಲತಾಣದ ಪೆಟ್ಟಿಗೆಯಲ್ಲಿ ‘ವ್ಯವಸಾಯ’ ಎಂದು ಬರೆದರೆ ನೂರಾರು ಹೆಸರುಗಳು ಉರುಳಿ ಬೀಳುವುವು. ‘ತೆಂಗಿನಕಾಯಿ ಕಲೆ’ ಎಂದು ಬರೆದರೆ ಏನೂ ಬಾರದು. ಏನೂ ಬಾರದ ಆ ಪುಟದಲ್ಲಿ ‘ಫಲಿತಾಂಶಗಳು ಕಂಡುಬಂದಿಲ್ಲ’ ಎಂಬ ಒಂದು ಸಾಲು. ಅವನು ಗೋಡೆಗೆ ಹಾಯ್ದ ಆ ಸ್ಥಳದಲ್ಲಿಯೇ, ಆ ಕ್ಷಣದಲ್ಲಿಯೇ, ‘ನಿಮಗೆ ಏನು ಬೇಕೆಂದು ನಿಮ್ಮ ಮಾತಿನಲ್ಲಿ ಬರೆಯಿರಿ, ಒಬ್ಬರು ನೋಡಿ ಉತ್ತರಿಸುವರು’ ಎಂಬ ಕಿಂಡಿಯು ತೆರೆದಿರಬೇಕಲ್ಲವೆ? ಅದಿರುವುದು ಮುಖಪುಟದ ಕೆಳಭಾಗದಲ್ಲಿ, ಹಕ್ಕುಸ್ವಾಮ್ಯದ ಸೂಚನೆಯ ಪಕ್ಕದಲ್ಲಿ, ಇರುವೆಗಾತ್ರದ ಅಕ್ಷರಗಳಲ್ಲಿ. ಬಿದ್ದವನು ಎದ್ದು, ಆಸ್ಪತ್ರೆಯ ವಿಳಾಸವನ್ನು ತಾನೇ ಹುಡುಕಿಕೊಂಡು ಬರಲೆಂಬ ಏರ್ಪಾಡಿದು.

ಕಿಂಡಿ ಸಿಕ್ಕಿತೆನ್ನೋಣ. ಅದರ ಮೇಲಿನ ಹೆಸರೇನು? ‘ಪರಾಮರ್ಶನ ಸೇವೆ’. ಒಳಗೆ ಹೋದರೆ ‘ಆಕರಗಳು’, ‘ನಿಯತಕಾಲಿಕಗಳು’, ‘ಅಂತರಗ್ರಂಥಾಲಯ ಎರವಲು’, ‘ಓಪ್ಯಾಕ್’. ಈ ಪದಗಳಲ್ಲಿ ತಪ್ಪಿಲ್ಲ. ಒಂದು ವೃತ್ತಿಯವರು ತಮ್ಮೊಳಗೆ ಆಡಿಕೊಳ್ಳುವುದಕ್ಕೆ ಅವು ಉಚಿತವೇ. ಆದರೆ ವೈದ್ಯನು ರೋಗಿಯೊಡನೆ ಸಂಸ್ಕೃತದ ನಿಘಂಟನ್ನು ಒಪ್ಪಿಸುತ್ತ ಕುಳಿತರೆ ಮದ್ದು ಹೊಟ್ಟೆಗಿಳಿಯುವುದೆಂತು? ಜಾನ್ ಕೂಪರ್‌ಸ್ಮಿತ್ ಎಂಬ ಅಮೆರಿಕದ ಗ್ರಂಥಪಾಲಕನು, ಗ್ರಂಥಾಲಯ ತಾಣಗಳ ಪದಗಳನ್ನು ವಾಚಕರ ಮುಂದಿಟ್ಟು ನಡೆಸಿದ ಅನೇಕ ಪರೀಕ್ಷೆಗಳ ಫಲವನ್ನು ಹಲವು ವರ್ಷಗಳ ಕಾಲ ಒಂದೆಡೆ ಕಲೆಹಾಕಿದನು. ಸಂಕ್ಷೇಪಾಕ್ಷರಗಳು, ಸಾಧನಗಳಿಗೆ ಇಟ್ಟ ಬೆಡಗಿನ ಹೆಸರುಗಳು, ‘ಡೇಟಾಬೇಸ್’, ‘ಇಂಡೆಕ್ಸ್’, ‘ರೆಫರೆನ್ಸ್’, ‘ರಿಸೋರ್ಸ್’ ಮುಂತಾದುವು ಮತ್ತೆ ಮತ್ತೆ ವಾಚಕರ ದಾರಿ ತಪ್ಪಿಸಿದುವೆಂದೂ, ‘ಪುಸ್ತಕವನ್ನು ಹುಡುಕು’, ‘ಲೇಖನವನ್ನು ಹುಡುಕು’ ಎಂಬಂಥ ನೇರವಾದ ಮಾತುಗಳು ದಾರಿ ತೋರಿದುವೆಂದೂ ಆ ಸಂಗ್ರಹದಿಂದ ತಿಳಿಯುವುದು. ಇಂಗ್ಲಿಷನ್ನೇ ಆಡುವವರಿಗೆ ಇಂಗ್ಲಿಷಿನ ಪಾರಿಭಾಷಿಕವು ಹೀಗೆ ತೊಡಕಾದರೆ, ಅದರ ಭಾಷಾಂತರದ ಭಾಷಾಂತರವನ್ನು ಓದಬೇಕಾದ ಕನ್ನಡಿಗನ ಪಾಡನ್ನು ಬೇರೆ ವಿವರಿಸಬೇಕಾಗಿಲ್ಲ. ‘ಗ್ರಂಥಪಾಲಕರನ್ನು ಕೇಳಿ’ ಎಂಬುದರಲ್ಲಿ ಯಾವ ಗೌರವವು ಕಡಮೆಯಾಯಿತು?

ಕನ್ನಡದ ವಾಚಕನಿಗೆ ಇದಕ್ಕೂ ಮೀರಿದ ಒಂದು ತೊಡಕುಂಟು. ಪರದೇಶದ ಮಾದರಿಯನ್ನು ಕೊಂಡುತಂದು ನಿಲ್ಲಿಸುವವರು ಇದನ್ನು ಯೋಚಿಸುವುದಿಲ್ಲ. ಆರ್. ನರಸಿಂಹಾಚಾರ್ಯರ ಗ್ರಂಥದ ಮೊದಲ ಸಂಪುಟವು ೧೯೦೭ರಲ್ಲಿ ಅಚ್ಚಾದಾಗ ಅದರ ಹೆಸರು ‘ಕರ್ಣಾಟಕ ಕವಿಚರಿತೆ’. ಇಂದಿನ ವಿದ್ಯಾರ್ಥಿಯು ‘ಕರ್ನಾಟಕ’ ಎಂದೇ ಬರೆಯುವನು. ಣಕಾರ ನಕಾರಗಳ ಭೇದವನ್ನು ಮನ್ನಿಸದ ಯಂತ್ರವು, ಪುಸ್ತಕವು ಇಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು. ಬೇಂದ್ರೆಯವರ ಕವನಗಳು ಅಂಬಿಕಾತನಯದತ್ತರ ಹೆಸರಿನಲ್ಲಿವೆ. ಮಾಸ್ತಿಯವರ ಕತೆಗಳು ಶ್ರೀನಿವಾಸರ ಹೆಸರಿನಲ್ಲಿವೆ. ಶ್ರೀರಂಗರೇ ಆದ್ಯ ರಂಗಾಚಾರ್ಯರು, ಕುವೆಂಪುಗಳೇ ಕೆ. ವಿ. ಪುಟ್ಟಪ್ಪನವರು. ಮನೆಯ ಹುಡುಗರಿಗೂ ಗೊತ್ತಿರುವ ಈ ಸಂಗತಿಯನ್ನು ಪಟ್ಟಿಗೆ ತಿಳಿಯಪಡಿಸುವ ಹೊಣೆ ಯಾರದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಮಹಾಕಾರ್ಯದಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಪುಟಗಳು ಚಿತ್ರಗಳಾಗಿ ಜಾಲವನ್ನು ಸೇರಿದುವು. ಆ ಉಪಕಾರವು ಸಣ್ಣದಲ್ಲ. ಆದರೆ ಎಷ್ಟೋ ಪುಸ್ತಕಗಳ ಹೆಸರುಗಳು ರೋಮನ್ ಅಕ್ಷರಗಳಲ್ಲಿ, ಅದೂ ಒಂದೊಂದೂ ಒಂದೊಂದು ವಿಧವಾಗಿ, ದಾಖಲಾದುವು. ಕನ್ನಡದಲ್ಲಿ ಹುಡುಕಿದವನಿಗೆ ಕನ್ನಡದ ಪುಸ್ತಕವು ಸಿಕ್ಕಲಿಲ್ಲ! ೨೦೧೦ರ ದಶಕದಲ್ಲಿ ‘ಸಂಚಯ’ದ ತರುಣರು ಸಮೂಹವನ್ನು ಕೂಡಿಸಿಕೊಂಡು ಅಂಥ ಹೆಸರುಗಳನ್ನು ಕನ್ನಡ ಲಿಪಿಗೆ ತಂದು, ಹುಡುಕುವುದಕ್ಕೆ ಬರುವಂತೆ ಮಾಡಿದರು. ಸಂಬಳವಿಲ್ಲದ ವಾಚಕರು ಮಾಡಿದ ಈ ಕೆಲಸವು ಸಂಬಳವುಳ್ಳ ಸಂಸ್ಥೆಗಳಿಗೆ ಏಕೆ ಹೊಳೆಯಲಿಲ್ಲವೆಂದು ಕೇಳಿದರೆ ಉತ್ತರವು ಒಂದೇ: ಆ ಸಂಸ್ಥೆಗಳು ಪುಸ್ತಕವನ್ನು ಎಣಿಸುತ್ತಿದ್ದುವು, ಈ ತರುಣರು ಪುಸ್ತಕವನ್ನು ಹುಡುಕುತ್ತಿದ್ದರು.

ಇನ್ನು ಪೂರ್ವಪಕ್ಷಗಳು. ವಾಚಕರು ಕೇಳುವುದೇ ಇಲ್ಲವೆಂಬುದು ಮೊದಲನೆಯದು. ಏಕೆ ಕೇಳುವುದಿಲ್ಲ? ಕಾನ್‌ಸ್ಟನ್ಸ್ ಮೆಲನ್ ಎಂಬ ವಿದುಷಿಯು ೧೯೮೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜಿನ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೭೫ರಿಂದ ೮೫ರಷ್ಟು ಮಂದಿ ಗ್ರಂಥಾಲಯದ ಮೊದಲ ಅನುಭವವನ್ನು ಭಯದ ಮಾತುಗಳಲ್ಲಿಯೇ ಬಣ್ಣಿಸಿದ್ದರು. ಉಳಿದವರಿಗೆಲ್ಲ ತಿಳಿದಿದೆ, ತನಗೊಬ್ಬನಿಗೆ ತಿಳಿಯದು. ಕೇಳಿದರೆ ಅಜ್ಞಾನವು ಬಯಲಾಗುವುದು ಎಂಬ ನಾಚಿಕೆ. ಕಣ್ಣೆದುರಿಗೆ ಕುಳಿತ ಮನುಷ್ಯನನ್ನೇ ಕೇಳಲು ಹೆದರುವವನು, ಹೆಸರು, ವಿಳಾಸ, ಸದಸ್ಯಸಂಖ್ಯೆ, ವಿಷಯದ ವರ್ಗ ಎಂದು ಹತ್ತು ಮನೆಗಳುಳ್ಳ ನಮೂನೆಯನ್ನು ತುಂಬಿ, ಯಾರು ಓದುವರೋ ಎಂದು ಉತ್ತರಿಸುವರೋ ತಿಳಿಯದೆ ಕಾಯುವನೆ? ಮೌನವನ್ನು ಸಮ್ಮತಿಯೆಂದು ಎಣಿಸುವುದು ನ್ಯಾಯಶಾಸ್ತ್ರದಲ್ಲಿ ಸಲ್ಲಬಹುದು, ಗ್ರಂಥಾಲಯದಲ್ಲಿ ಸಲ್ಲದು.

ವಾಚಕನನ್ನೇ ತರಬೇತುಗೊಳಿಸಬೇಕು, ತಾಣವನ್ನಲ್ಲ ಎನ್ನುವವರು ಮತ್ತೆ ಕೆಲವರು. ಇವರು ಸಾಮಾನ್ಯವಾಗಿ ಸಜ್ಜನರೇ. ಕಮ್ಮಟಗಳನ್ನು ನಡೆಸುವರು, ಕೈಪಿಡಿಗಳನ್ನು ಅಚ್ಚು ಹಾಕಿಸುವರು. ಬಾಗಿಲು ತಗ್ಗಾಗಿದೆಯೆಂದು ಊರವರಿಗೆಲ್ಲ ಬಗ್ಗುವ ವಿದ್ಯೆಯನ್ನು ಕಲಿಸುವುದಕ್ಕಿಂತ ಬಾಗಿಲನ್ನೆತ್ತುವುದು ಅಗ್ಗವೆಂಬುದು ಅವರ ಲಕ್ಷ್ಯಕ್ಕೆ ಬಂದಿಲ್ಲ.

ವಾಚಕನನ್ನು ಹೋಗಿ ನೋಡಿದರೆ ಏನು ತಿಳಿಯುವುದೆಂಬುದಕ್ಕೆ ರಾಚೆಸ್ಟರ್ ವಿಶ್ವವಿದ್ಯಾನಿಲಯದ ನಿದರ್ಶನವು ಸೊಗಸಾಗಿದೆ. ಅಲ್ಲಿನ ಗ್ರಂಥಾಲಯದವರು ನ್ಯಾನ್ಸಿ ಫ್ರೈಡ್ ಫಾಸ್ಟರ್ ಎಂಬ ಮಾನವಶಾಸ್ತ್ರಜ್ಞೆಯ ನೆರವಿನಿಂದ ತಮ್ಮ ವಿದ್ಯಾರ್ಥಿಗಳು ಪ್ರಬಂಧಗಳನ್ನು ನಿಜವಾಗಿ ಹೇಗೆ ಬರೆಯುವರೆಂಬುದನ್ನು ಪರಿಶೀಲಿಸಿ ೨೦೦೭ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ವಿದ್ಯಾರ್ಥಿಗಳ ಕೈಗೆ ಕ್ಯಾಮರಾ ಕೊಟ್ಟು ಚಿತ್ರ ತೆಗೆಸಿದರು. ಕಾಗದ ಕೊಟ್ಟು, ಗ್ರಂಥಾಲಯದ ಮುಖಪುಟ ಹೇಗಿರಬೇಕೆಂದು ಅವರಿಂದಲೇ ಬರೆಯಿಸಿದರು. ಗ್ರಂಥಪಾಲಕರು ಮನೆಗೆ ಹೋಗಿ ಮಲಗಿದ ಮೇಲೆಯೇ ಅನೇಕರ ಕೆಲಸವು ಆರಂಭವಾಗುವುದೆಂದು ಗೊತ್ತಾಯಿತು. ಆ ಮೇರೆಗೆ ರಾತ್ರಿಯ ಹೊತ್ತಿನಲ್ಲಿ ನೆರವು ನೀಡುವ ಪ್ರಯೋಗವೂ ನಡೆಯಿತು. ಇನ್ನೂ ವಿಚಿತ್ರವಾದುದೆಂದರೆ, ಪ್ರಬಂಧದ ವಿಷಯದಲ್ಲಿ ಸಂದೇಹ ಬಂದಾಗ ಎಷ್ಟೋ ವಿದ್ಯಾರ್ಥಿಗಳು ಗ್ರಂಥಪಾಲಕರನ್ನಲ್ಲ, ತಮ್ಮ ತಂದೆತಾಯಿಗಳನ್ನು ದೂರವಾಣಿಯಲ್ಲಿ ಕೇಳುತ್ತಿದ್ದರು. ಇದನ್ನರಿತ ಗ್ರಂಥಾಲಯದವರು ಹೊಸ ವರ್ಷದ ಆರಂಭದಲ್ಲಿ ತಂದೆತಾಯಿಗಳನ್ನೇ ಉಪಾಹಾರಕ್ಕೆ ಕರೆದು ಗ್ರಂಥಪಾಲಕರ ಪರಿಚಯವನ್ನು ಮಾಡಿಸಿದರು! ಮೇಜಿನ ಹಿಂದೆ ಕುಳಿತು ನೂರು ಸಮಿತಿಗಳನ್ನು ನಡೆಸಿದರೂ ಈ ಯುಕ್ತಿಯು ಹೊಳೆಯುತ್ತಿತ್ತೆ?

ಈಗ ಎಲ್ಲಕ್ಕಿಂತ ಜೋರಾಗಿ ಕೇಳಿಬರುತ್ತಿರುವ ಪಕ್ಷವು ಉತ್ತರಿಸುವ ಯಂತ್ರದ ಪಕ್ಷ. ೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿಯು ಹೊರಬಂದಂದಿನಿಂದ, ಮನುಷ್ಯನ ಸ್ಥಾನದಲ್ಲಿ ಯಂತ್ರವನ್ನು ಕೂರಿಸಿದರೆ ಹಗಲಿರುಳೂ ದಣಿವಿಲ್ಲದೆ ಉತ್ತರ ಹೇಳುವುದೆಂಬ ಉತ್ಸಾಹವು ಹಬ್ಬಿದೆ. ಇದರಲ್ಲಿ ಹುರುಳಿಲ್ಲವೆಂದಲ್ಲ. ಗ್ರಂಥಾಲಯವು ಎಷ್ಟು ಗಂಟೆಗೆ ತೆರೆಯುವುದು, ಪುಸ್ತಕದ ಅವಧಿಯನ್ನು ವಿಸ್ತರಿಸುವುದು ಹೇಗೆ ಎಂಬವಕ್ಕೆ ಮನುಷ್ಯನನ್ನು ಎಬ್ಬಿಸಬೇಕಾದುದಿಲ್ಲ. ತಪ್ಪು ಕಾಗುಣಿತವನ್ನು ಅರ್ಥಮಾಡಿಕೊಳ್ಳುವುದರಲ್ಲಿಯೂ ಯಂತ್ರವು ಹಳೆಯ ಹುಡುಕುಪೆಟ್ಟಿಗೆಗಿಂತ ಉದಾರಿ. ಆದರೆ ಈ ಜಾತಿಯ ಯಂತ್ರಗಳು ಇಲ್ಲದ ಪುಸ್ತಕಗಳಿಗೆ ಹೆಸರನ್ನೂ ಕರ್ತೃವನ್ನೂ ಸೃಷ್ಟಿಸಿ ಗಂಭೀರವಾಗಿ ಹೇಳುವುದುಂಟು; ಹಾಗೆ ಹುಟ್ಟಿದ ಪುಸ್ತಕಗಳನ್ನು ಕೇಳಿಕೊಂಡು ವಾಚಕರು ಗ್ರಂಥಾಲಯಗಳಿಗೆ ಬಂದುದೂ ಉಂಟು. ಕನ್ನಡದಂತೆ ಜಾಲದಲ್ಲಿ ಬರಹವು ವಿರಳವಾಗಿರುವ ಭಾಷೆಗಳಲ್ಲಿ ಈ ಭಯವು ಹೆಚ್ಚೇ ಹೊರತು ಕಡಮೆಯಲ್ಲ. ‘ತಿಳಿಯದು, ವಿಚಾರಿಸಿ ನಾಳೆ ಹೇಳುವೆನು’ ಎಂಬುದು ಒಳ್ಳೆಯ ಗ್ರಂಥಪಾಲಕನ ಬಾಯಲ್ಲಿ ನಿತ್ಯವೂ ಬರುವ ಮಾತು. ಅದನ್ನು ಹೇಳಬಲ್ಲ ಮನುಷ್ಯನೊಬ್ಬನು ಯಂತ್ರದ ಹಿಂದೆ ಇರಬೇಕು. ಅವನನ್ನು ತಲುಪುವ ದಾರಿಯು ಯಂತ್ರದ ಮೊದಲ ಮಾತಿನಲ್ಲಿಯೇ ಕಾಣಿಸಬೇಕು. ವಾಚಕನು ಮೂರು ಬಾರಿ ಅಂಗಲಾಚಿದ ಮೇಲೆ ತೆರೆಯುವ ಗುಪ್ತದ್ವಾರವು ಸೇವೆಯಲ್ಲ.

ಹಣವೆಲ್ಲಿ, ಜನರೆಲ್ಲಿ ಎಂಬ ಪ್ರಶ್ನೆಯು ಉಳಿಯಿತು. ಐದು ಜನ ವಾಚಕರನ್ನು ಒಬ್ಬೊಬ್ಬರನ್ನಾಗಿ ಕುಳ್ಳಿರಿಸಿ, ಒಂದು ಪುಸ್ತಕವನ್ನು ಹುಡುಕಲು ಹೇಳಿ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತು ನೋಡುವುದಕ್ಕೆ ಒಂದು ಮಧ್ಯಾಹ್ನವೂ ಐದು ಲೋಟ ಕಾಫಿಯೂ ಸಾಕು. ಕಷ್ಟವಾದುದು ಬಾಯಿ ಮುಚ್ಚಿಕೊಂಡಿರುವುದು ಮಾತ್ರ. ಜನರ ವಿಷಯವಾದರೋ, ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ಈ ನಾಡಿನ ಗೃಹಸ್ಥರು ಮನೆಕಂದಾಯದೊಡನೆ ಗ್ರಂಥಾಲಯ ಕರವನ್ನೂ ತೆರುತ್ತ ಬಂದಿರುವರು; ಸೇವೆಯನ್ನು ಕೇಳುವ ಅಧಿಕಾರವು ಅವರಿಗುಂಟು. ೨೦೧೯ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆನಿಸಿವೆ. ೨೦೨೦ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಆರಂಭವಾಯಿತು. ಹಳ್ಳಿಯ ಕೇಂದ್ರದ ಮೇಲ್ವಿಚಾರಕನು ವಾಚಕನನ್ನು ಬಲ್ಲನು. ಅವನ ತೋಟವನ್ನೂ ಅವನ ಮಗಳ ಪರೀಕ್ಷೆಯನ್ನೂ ಬಲ್ಲನು. ಆದರೆ ದೂರದ ಭಂಡಾರದಲ್ಲಿ ಏನಿದೆಯೆಂದು ಅರಿಯನು. ಜಾಲತಾಣಕ್ಕೆ ಪುಸ್ತಕಗಳು ಗೊತ್ತು, ವಾಚಕನು ಗೊತ್ತಿಲ್ಲ. ಸಹಾಯದ ಕಿಂಡಿಯನ್ನು ಮೊದಲು ತೆರೆಯಬೇಕಾದುದು ಈ ಎರಡರ ನಡುವೆ. ಹಳ್ಳಿಯ ಮೇಲ್ವಿಚಾರಕನು ವಾಚಕನ ಪರವಾಗಿ, ವಾಚಕನ ಮಾತಿನಲ್ಲಿಯೇ, ಬೇಕಾದರೆ ಬರಹವಿಲ್ಲದೆ ಧ್ವನಿಯಿಂದಲೇ ಪ್ರಶ್ನೆಯನ್ನು ಕಳುಹಿಸುವಂತಿರಬೇಕು. ಜಿಲ್ಲಾ ಗ್ರಂಥಾಲಯದಲ್ಲಿ ಅದನ್ನು ಕೇಳಿ ಉತ್ತರಿಸುವವನಿಗೆ ಅದೇ ಮುಖ್ಯ ಕೆಲಸವಾಗಿರಬೇಕು, ಉಳಿದ ಹತ್ತು ಕೆಲಸಗಳ ನಡುವಿನ ಹನ್ನೊಂದನೆಯದಾಗಿರಕೂಡದು.

ಅಷ್ಟು ಏರ್ಪಾಡಾಗುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ವಾಚಕರು ಪೆಟ್ಟಿಗೆಯಲ್ಲಿ ಬರೆದು ಏನನ್ನೂ ಪಡೆಯದೆ ಹಿಂದಿರುಗಿದ ಪದಗಳನ್ನು ಉಳಿಸಿಡುವುದು ಹುಡುಕುವ ಯಂತ್ರಕ್ಕೆ ಅಸಾಧ್ಯವಲ್ಲ. ಬರೆದವರ ಹೆಸರನ್ನು ಬಿಟ್ಟು ಆ ಪದಗಳನ್ನಷ್ಟೇ ವಾರಕ್ಕೊಮ್ಮೆ ಒಂದು ಹಾಳೆಯಲ್ಲಿ ತೆಗೆದು ಗ್ರಂಥಪಾಲಕರ ಮೇಜಿನ ಮೇಲೆ ಇಡಬಹುದು. ‘ಕರ್ನಾಟಕ ಕವಿಚರಿತೆ’ಯೂ ‘ತೆಂಗಿನಕಾಯಿ ಕಲೆ’ಯೂ ಅದರಲ್ಲಿ ಇರುವುವು. ಯಾರೂ ಪ್ರಶ್ನೆ ಕೇಳುವುದಿಲ್ಲವೆಂದು ಹೇಳುವ ಮಹನೀಯರು ಮುಂದಿನ ಸಮಿತಿಯ ಸಭೆಗೆ ಆ ಹಾಳೆಯನ್ನು ತಂದು ಗಟ್ಟಿಯಾಗಿ ಓದಲಿ.